ಮಣ್ಣಿಗೆ ಬೆಂಕಿಯ ಸಂಸ್ಕಾರ

ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಕುಂಭಕಲೆಯನ್ನು ಕುರಿತು. ಕುಂಬಾರಿಕೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಆದರೆ ಈಚಿನ ದಶಕಗಳಲ್ಲಿ ಬೆಂಗಳೂರಿನಂಥ ನಗರಗಳಲ್ಲಿ, ಕುಂಬಾರರ ಮನೆಯಲ್ಲಿ ಹುಟ್ಟದ ಅನೇಕರು ತಮ್ಮದೇ ಒಂದು ಕೊಠಡಿಯಲ್ಲಿ ತಿಗರಿಯನ್ನೂ ಸಣ್ಣದೊಂದು ಗೂಡನ್ನೂ ಇಟ್ಟುಕೊಂಡು, ಬಟ್ಟಲು, ತಟ್ಟೆ, ಹೂದಾನಿಗಳನ್ನೂ, ನೋಡಿ ಸಂತೋಷಪಡುವುದೊಂದನ್ನು ಬಿಟ್ಟು ಬೇರಾವ ಪ್ರಯೋಜನವನ್ನೂ ಬಯಸದ ಮೃಣ್ಮಯ ಆಕೃತಿಗಳನ್ನೂ ಮಾಡುತ್ತಿದ್ದಾರೆ. ಸ್ಟುಡಿಯೋ ಪಾಟರಿ ಎಂದೂ ಸೆರಾಮಿಕ್ ಕಲೆ ಎಂದೂ ಅದಕ್ಕೆ ಹೆಸರು. ಹಳ್ಳಿಯ ಮಡಕೆ ಸಂತೆಯಲ್ಲಿ ಮಾರಾಟವಾಗುತ್ತದೆ. ಈ ಬಟ್ಟಲು ಚಿತ್ರಶಾಲೆಯಲ್ಲಿ ಮಾರಾಟವಾಗುತ್ತದೆ. ಒಂದಕ್ಕೆ ನಾವು ಕಸುಬು ಎನ್ನುತ್ತೇವೆ, ಇನ್ನೊಂದಕ್ಕೆ ಕಲೆ ಎನ್ನುತ್ತೇವೆ. ಈ ವಿಂಗಡಣೆ ನನಗೆ ಸಾಧುವಾಗಿ ತೋರುವುದಿಲ್ಲ. ಎರಡಕ್ಕೂ ಮೂಲದ್ರವ್ಯ ಮಣ್ಣೇ. ಎರಡರಲ್ಲಿಯೂ ಕೈಗಳು ಕಲಿತಿರುವ ಪಾಠ ಬಹುಮಟ್ಟಿಗೆ ಒಂದೇ. ಅವುಗಳ ನಡುವೆ ಇರುವ ಭೇದವೆಲ್ಲ ಬೆಂಕಿಯಲ್ಲಿದೆ. ಆ ಬೆಂಕಿಯ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಮಣ್ಣು. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯವನು. ನಮ್ಮೂರ ಬಯಲಿನಲ್ಲಿ ನಿಂತವರಿಗೆ ಯಾವ ದಿಕ್ಕಿಗೆ ತಿರುಗಿದರೂ ಬಂಡೆ ಕಾಣುತ್ತದೆ. ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯದ ಸುತ್ತಿನ ಗುಡ್ಡಗಳು, ಅದರಾಚೆ ನಂದಿಯ ಬೆಟ್ಟಸಾಲು, ಇದೆಲ್ಲ ಕಣಶಿಲೆಯ ಸೀಮೆ. ಕಣಶಿಲೆಯ ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿದರೆ ಅದರಲ್ಲಿ ಮೂರು ಬಗೆಯ ಕಣಗಳು ಕಾಣುತ್ತವೆ: ಹೊಳೆಯುವ ಬೆಣಚು, ತೆಳುವಾದ ಪದರಗಳಾಗಿ ಏಳುವ ಅಭ್ರಕ, ಮತ್ತು ಮಾಸಲು ಬಿಳಿಯೋ ನಸುಗೆಂಪೋ ಆದ ಫೆಲ್ಡ್‌ಸ್ಪಾರ್. ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಿಗೆ ಸಿಕ್ಕಿ ಈ ಫೆಲ್ಡ್‌ಸ್ಪಾರ್ ಶಿಥಿಲವಾಗುತ್ತ, ತನ್ನೊಳಗಿನ ಕ್ಷಾರವನ್ನು ನೀರಿಗೆ ಬಿಟ್ಟುಕೊಟ್ಟು, ಕಡೆಗೆ ಜೇಡಿಯಾಗಿ ಪರಿಣಮಿಸುತ್ತದೆ. ಬೆಣಚು ಹಾಗೆ ಕೊಳೆಯುವುದಿಲ್ಲ. ಅದು ಮರಳಾಗಿ ಉಳಿಯುತ್ತದೆ. ಬೆಟ್ಟದಿಂದ ಇಳಿದ ಮಳೆನೀರು ಮರಳಿನ ಭಾರವನ್ನು ಹಳ್ಳದಲ್ಲಿ ಬಿಟ್ಟು, ಹಗುರವಾದ ಜೇಡಿಯ ಕಣಗಳನ್ನು ಮಾತ್ರ ಹೊತ್ತು ತಂದು, ದಾರಿಯಲ್ಲಿ ಸಿಕ್ಕಿದ ಕಬ್ಬಿಣದ ಅಂಶವನ್ನೂ ಅದರೊಡನೆ ಬೆರೆಸಿ, ಕೆರೆಯಂಗಳದಲ್ಲಿ ಇಳಿಸುತ್ತದೆ. ಕುಂಬಾರರು ಬೇಸಿಗೆಯಲ್ಲಿ ಕೆರೆಗೆ ಇಳಿದು ಮೇಲಿನ ಹೂಳನ್ನು ಸರಿಸಿ ಅಡಿಯ ಮಣ್ಣನ್ನು ಅಗೆದು ತರುತ್ತಿದ್ದುದು ಇದಕ್ಕಾಗಿಯೇ. ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ಚಪ್ಪಟೆ ಬಿಲ್ಲೆಗಳು. ಅವುಗಳ ನಡುವೆ ನೀರು ಸೇರಿದಾಗ ಒಂದರ ಮೇಲೊಂದು ಜಾರುತ್ತವೆ, ಆದರೆ ಬಿಟ್ಟು ಹೋಗುವುದಿಲ್ಲ. ಕೈ ಒತ್ತಿದ ಆಕಾರವನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದು ಈ ಗುಣದಿಂದ.

ಬೆಟ್ಟದ ಬಂಡೆಯೇ ಕೆರೆಯ ಜೇಡಿಯಾಯಿತೆಂಬುದನ್ನು ನೆನಪಿನಲ್ಲಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ. ಈಗ ಅದನ್ನು ನಮ್ಮ ಪೂರ್ವಿಕರು ಸುಟ್ಟ ರೀತಿಯನ್ನು ನೋಡೋಣ.

ನಮ್ಮ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನಲ್ಲಿ ಜಡಿಗೇನಹಳ್ಳಿ ಎಂಬ ಊರಿದೆ. ಅಲ್ಲಿಯ ಬೃಹತ್ ಶಿಲಾಸಮಾಧಿಗಳನ್ನು 1957ರಲ್ಲಿ ವಿದ್ವಾಂಸರಾದ ಎಂ. ಶೇಷಾದ್ರಿಯವರು ಉತ್ಖನನ ಮಾಡಿಸಿದರು. ಅದಕ್ಕೆ ಹತ್ತು ವರ್ಷ ಮುಂಚೆ, 1947ರಲ್ಲಿ, ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ನೆಲ ಅಗೆಸಿ ದಕ್ಷಿಣಭಾರತದ ಈ ಸಮಾಧಿಸಂಸ್ಕೃತಿಗೆ ಒಂದು ಕಾಲಾನುಕ್ರಮವನ್ನು ಕಟ್ಟಿಕೊಟ್ಟಿದ್ದರು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಜನ ಸತ್ತವರೊಡನೆ ಮಣ್ಣಿನ ಪಾತ್ರೆಗಳನ್ನು ಹೂಳುತ್ತಿದ್ದರು. ಆ ಪಾತ್ರೆಗಳಲ್ಲಿ ಒಂದು ಜಾತಿಗೆ ಪುರಾತತ್ತ್ವಜ್ಞರು ಕಪ್ಪು-ಕೆಂಪು ಮಡಕೆ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಕಣ್ಣಿಗೆ ಅದನ್ನು ತೋರಿಸಲಾರೆನಾದ್ದರಿಂದ ವರ್ಣಿಸುತ್ತೇನೆ. ಒಂದು ಬೋಗುಣಿಯನ್ನು ಕಲ್ಪಿಸಿಕೊಳ್ಳಿ. ಅದರ ಒಳಭಾಗವೆಲ್ಲ ನಯವಾದ ಕಪ್ಪು. ಬಾಯಿಯ ಅಂಚೂ ಕಪ್ಪು. ಅಂಚಿನಿಂದ ಎರಡು ಮೂರು ಬೆರಳು ಕೆಳಗಿಳಿದಂತೆ ಹೊರಮೈಯ ಕಪ್ಪು ಕರಗುತ್ತ ಬಂದು, ಉಳಿದ ಹೊಟ್ಟೆಯೂ ತಳವೂ ಇಟ್ಟಿಗೆಯ ಕೆಂಪು. ಬಣ್ಣ ಬಳಿದು ಮಾಡಿದ ಕೆಲಸವಲ್ಲ ಇದು. ಪಾತ್ರೆಯನ್ನು ಬೋರಲು ಹಾಕಿ, ಬಾಯಿಯ ಭಾಗ ಎಲೆ ಹೊಟ್ಟುಗಳಲ್ಲಿ ಹುದುಗಿರುವಂತೆ ಇಟ್ಟು ಸುಟ್ಟಿರಬೇಕೆಂದು ವಿದ್ವಾಂಸರ ಊಹೆ. ಗಾಳಿ ತಾಗಿದ ಹೊರಮೈಯಲ್ಲಿ ಮಣ್ಣಿನೊಳಗಿನ ಕಬ್ಬಿಣ ಆಮ್ಲಜನಕವನ್ನು ಪಡೆದು ಕೆಂಪಾಯಿತು. ಗಾಳಿ ತಾಗದ ಒಳಮೈಯಲ್ಲಿ ಹೊಗೆಯ ಇಂಗಾಲವೇ ತುಂಬಿ ಕಪ್ಪಾಯಿತು. ಒಂದೇ ಮಣ್ಣು, ಒಂದೇ ಸಲದ ಸುಡುವಿಕೆ, ಎರಡು ವರ್ಣ! ಇಂದಿನ ಕಲಾವಿದರು ಗೂಡಿಗೆ ಹೋಗುವ ಗಾಳಿಯನ್ನು ಹೆಚ್ಚಿಸಿಯೂ ತಗ್ಗಿಸಿಯೂ ಸಾಧಿಸುವ ವರ್ಣವೈಚಿತ್ರ್ಯದ ಮೂಲತತ್ತ್ವವೆಲ್ಲ ಆ ಬೋಗುಣಿಯಲ್ಲಿ ಅಡಗಿದೆ.

ಇನ್ನೊಂದು ನಿದರ್ಶನ ನಮ್ಮ ತಾಲ್ಲೂಕಿನದೇ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ, ಊರವರು ಬೂದಿಗುಂಟೆ ಎಂದು ಕರೆಯುವ ಎಡೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು 2001ರಲ್ಲಿ ಅಗೆದಾಗ ಬೌದ್ಧರ ಚೈತ್ಯವೂ ವಿಹಾರವೂ ಬೆಳಕಿಗೆ ಬಂದವು. ಅದರೊಡನೆ ಸಿಕ್ಕಿದ್ದು ನೂರಾರು ಮಣ್ಣಿನ ಹರಕೆಯ ಬಿಲ್ಲೆಗಳು, ಕೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಸ್ತೂಪಗಳು. ಮೆದುಮಣ್ಣಿನ ಮೇಲೆ ಅಚ್ಚು ಒತ್ತಿ, ಬುದ್ಧಧರ್ಮದ ಸಾರವಾಕ್ಯವನ್ನು ಅಕ್ಷರಗಳಲ್ಲಿ ಮೂಡಿಸಿದ ಬಿಲ್ಲೆಗಳವು. ಯಾರು ಯಾವ ಊರಿನಿಂದ ಬಂದು ಯಾವ ಬೇಡಿಕೆಯಿಂದ ಅವನ್ನು ಅರ್ಪಿಸಿದರೋ! ಅವರಿಗೆ ಕಲ್ಲು ಹತ್ತಿರವಿತ್ತು. ಆದರೂ ಮಣ್ಣನ್ನು ಆರಿಸಿಕೊಂಡರು. ಅಚ್ಚಿಗೆ ಒಲಿಯುವುದು ಮಣ್ಣು ಮಾತ್ರ. ಇಂದಿನ ಸ್ಟುಡಿಯೋಗಳಲ್ಲಿಯೂ ಗಚ್ಚಿನ ಅಚ್ಚಿಗೆ ಮಣ್ಣನ್ನು ಒತ್ತಿ ತಟ್ಟೆಗಳನ್ನು ತೆಗೆಯುತ್ತಾರೆ. ದೇವರಿಗೂ ಕಲೆಗೂ ಮಣ್ಣು ತಕ್ಕ ದ್ರವ್ಯವೆಂಬುದನ್ನು ಅರಿಯುವುದಕ್ಕೆ ಈ ತಾಲ್ಲೂಕಿನವರು ದೂರ ಹೋಗಬೇಕಾಗಿಲ್ಲ.

ಬಂಡೆಯಿಂದ ಜೇಡಿ ಬಂದ ಬಗೆಯನ್ನೂ, ಗಾಳಿಯ ಹೆಚ್ಚು ಕಡಮೆಯಿಂದ ವರ್ಣ ಬಂದ ಬಗೆಯನ್ನೂ ಕಂಡೆವು. ಇನ್ನು ಆಕಾರದ ಮಾತು. ಇದನ್ನು ಸಂಕ್ಷೇಪವಾಗಿ ಹೇಳುತ್ತೇನೆ; ಏಕೆಂದರೆ ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯತಕ್ಕ ಭಾಗ ಇದು.

ನಮ್ಮ ಕುಂಬಾರರು ಮಡಕೆಯನ್ನು ಪೂರ್ತಿಯಾಗಿ ತಿಗರಿಯ ಮೇಲೆಯೇ ಮಾಡಿ ಮುಗಿಸುತ್ತಾರೆಂದು ಅನೇಕರ ಭಾವನೆ. ಹಾಗಲ್ಲ. ತಿಗರಿಯ ಮೇಲೆ ಏಳುವುದು ಕಂಠವೂ ಭುಜವೂ; ಒಡಲು ಅಲ್ಲಿ ದಪ್ಪವಾಗಿಯೇ ಇರುತ್ತದೆ. ಅದನ್ನು ದಾರದಿಂದ ಕತ್ತರಿಸಿ ಇಳಿಸಿ, ಒಂದು ದಿನ ನೆರಳಲ್ಲಿ ಬಾಡಿಸಿ, ಒಳಗಿನಿಂದ ಎಡಗೈಯಲ್ಲಿ ದುಂಡುಕಲ್ಲನ್ನು ಆನಿಸಿ, ಹೊರಗಿನಿಂದ ಬಲಗೈಯಲ್ಲಿ ಮರದ ಹಲಗೆಯಿಂದ ಮೆಲ್ಲಮೆಲ್ಲನೆ ತಟ್ಟುತ್ತ ಸುತ್ತಿಸಿದರೆ, ಗೋಡೆ ತೆಳುವಾಗುತ್ತ ಹೊಟ್ಟೆ ದುಂಡಗಾಗುತ್ತ ತಳ ಮುಚ್ಚಿಕೊಳ್ಳುತ್ತದೆ. ತಟ್ಟುವ ಸದ್ದಿನಿಂದಲೇ ಗೋಡೆಯ ದಪ್ಪವನ್ನು ಅರಿಯುವ ಕಿವಿ ಅವರಿಗಿದೆ. ಹೀಗೆ ತಟ್ಟಿದ ಗೋಡೆಯಲ್ಲಿ ಜೇಡಿಯ ಕಣಗಳು ಒತ್ತಾಗಿ ಅಣಿಗೊಂಡು, ತೆಳುವಾಗಿದ್ದರೂ ಒಲೆಯ ಉರಿಯನ್ನು ತಡೆಯುವ ಗಟ್ಟಿತನ ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಸಲೀಸಾಗಿ ಆಡುತ್ತೇವೆ. ಆ ವರುಷದಲ್ಲಿ ಏನೇನು ಅಡಗಿದೆಯೆಂಬುದನ್ನು ವಿಚಾರಿಸುವವರು ವಿರಳ.

ಸ್ಟುಡಿಯೋದ ಕಲಾವಿದರಿಗೆ ವಿದ್ಯುತ್ತಿನ ತಿಗರಿ ಇದೆ. ಮುದ್ದೆಯನ್ನು ತಿರುಗುವ ಬಿಲ್ಲೆಯ ನಟ್ಟನಡುವೆ ಅಲುಗದಂತೆ ನಿಲ್ಲಿಸುವುದೇ ಅವರ ಮೊದಲ ಪಾಠ. ಕಲಿಯುವವರು ವಾರಗಟ್ಟಲೆ ಅದರಲ್ಲಿಯೇ ತೊಡಗಿರುತ್ತಾರೆ. ಅನಂತರ ಹೆಬ್ಬೆರಳಿನಿಂದ ನಡುವೆ ಕುಳಿ ತೆರೆಯುವುದು, ಒಳಗೊಂದು ಹೊರಗೊಂದು ಬೆರಳಿನ ನಡುವೆ ಗೋಡೆಯನ್ನು ಮೇಲಕ್ಕೆ ಎಳೆಯುವುದು. ತಿಗರಿಯೇ ಇಲ್ಲದೆ, ಮಣ್ಣನ್ನು ಹಗ್ಗದಂತೆ ಹೊಸೆದು ಸುರುಳಿ ಸುತ್ತಿ ಏರಿಸುವ ಕ್ರಮವೂ, ಹಲಗೆಯಂತೆ ಲಟ್ಟಿಸಿ ಕತ್ತರಿಸಿ ಜೋಡಿಸುವ ಕ್ರಮವೂ ಉಂಟು. ಯಾವ ಕ್ರಮದಲ್ಲಿ ಮಾಡಿದರೂ ಒಣಗುವಾಗ ಒಂದಷ್ಟು, ಸುಡುವಾಗ ಇನ್ನಷ್ಟು ಕುಗ್ಗಿ, ಮಾಡಿದ ಅಳತೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಡಮೆಯಾಗುತ್ತದೆ. ಅವಸರದಿಂದ ಬಿಸಿಲಿಗಿಟ್ಟರೆ ಒಂದು ಕಡೆ ಬೇಗ ಕುಗ್ಗಿ ಬಿರಿಯುತ್ತದೆ.

ಆಕಾರ ಬಂತು, ಆದರೆ ಅದಿನ್ನೂ ಹಸಿಮಣ್ಣು. ನೀರಿಗೆ ಹಾಕಿದರೆ ಮರಳಿ ಕೆಸರಾಗುತ್ತದೆ. ಬೆಂಗಳೂರಿನ ಕರಗದ ಉತ್ಸವದಲ್ಲಿ ಹಸಿಕರಗವೆಂಬುದನ್ನು ಕೇಳಿದ್ದೀರಿ. ಸುಡದ ಮಣ್ಣಿನ ಕುಂಭದಲ್ಲಿ ದೇವಿಯನ್ನು ಆವಾಹಿಸುವ ಆ ಪದ್ಧತಿಯಲ್ಲಿ, ಬಂದ ಮಣ್ಣಿಗೇ ಮರಳಿ ಹೋಗತಕ್ಕದ್ದೆಂಬ ಭಾವವನ್ನು ನಾನು ಕಾಣುತ್ತೇನೆ. ಮರಳಿ ಮಣ್ಣಾಗದಂತೆ ಮಾಡುವುದು ಬೆಂಕಿ. ಇದೇ ನನ್ನ ಮುಖ್ಯ ವಿಷಯವಾದುದರಿಂದ, ಬೆಂಕಿ ಮಣ್ಣಿನೊಳಗೆ ಮಾಡುವ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇನೆ.

ನೂರು ಡಿಗ್ರಿಯ ಶಾಖದಲ್ಲಿ ಮಣ್ಣಿನ ಕಣಗಳ ನಡುವೆ ಉಳಿದಿದ್ದ ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಉರಿ ಅವಸರಪಟ್ಟರೆ ಆವಿಗೆ ಹೊರಬರಲು ದಾರಿಯಿಲ್ಲದೆ ಪಾತ್ರೆ ಸಿಡಿಯುತ್ತದೆ. ಮುಂದೆ ಸುಮಾರು ಐನೂರರಿಂದ ಆರುನೂರು ಡಿಗ್ರಿಯ ನಡುವೆ ದೊಡ್ಡ ಪರಿವರ್ತನೆಯೊಂದು ನಡೆಯುತ್ತದೆ. ಜೇಡಿಯ ಕಣದ ರಚನೆಯಲ್ಲಿಯೇ ಬೆಸೆದುಕೊಂಡಿದ್ದ ನೀರು ಬಿಟ್ಟುಹೋಗುತ್ತದೆ; ಇದಾದ ಮೇಲೆ ಆ ಮಣ್ಣನ್ನು ಎಷ್ಟು ಕಾಲ ನೆನೆಹಾಕಿದರೂ ಮತ್ತೆ ಜೇಡಿಯಾಗದು. ಸರಿಸುಮಾರು ಇದೇ ಶಾಖದಲ್ಲಿ, 573 ಡಿಗ್ರಿಯಲ್ಲಿ, ಮಣ್ಣಿನೊಳಗಿನ ಬೆಣಚಿನ ಕಣಗಳು ಥಟ್ಟನೆ ಹಿಗ್ಗುತ್ತವೆ. ಆರುವಾಗ ಅದೇ ಶಾಖದಲ್ಲಿ ಥಟ್ಟನೆ ಕುಗ್ಗುತ್ತವೆ. ಗೂಡಿನ ಬಾಗಿಲನ್ನು ಅವಸರದಿಂದ ತೆರೆದವರ ಪಾತ್ರೆಗಳು ಬಿರುಕು ಬಿಡುವುದಕ್ಕೆ ಇದೊಂದು ಕಾರಣ. ಎಂಟುನೂರು, ಒಂಬೈನೂರು ಡಿಗ್ರಿಗೆ ಬಂದಾಗ ಕಣಗಳ ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಸಾವಿರದ ಇನ್ನೂರು ಡಿಗ್ರಿಯನ್ನು ದಾಟಿದರೆ, ಅದಕ್ಕೆ ತಕ್ಕ ಮಣ್ಣಾಗಿದ್ದಲ್ಲಿ, ಒಳಗಿನ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಆ ರಂಧ್ರಗಳನ್ನೆಲ್ಲ ತುಂಬುತ್ತದೆ. ಆಗ ಮಣ್ಣು ಮತ್ತೆ ಕಲ್ಲಾಯಿತೆನ್ನಬಹುದು. ನಿಮ್ಮ ಅಡಿಗೆಮನೆಯ ಮಾಡಿನಲ್ಲಿ ಉಪ್ಪಿನಕಾಯಿಯ ಜಾಡಿಯೊಂದು ಇದ್ದೀತು. ಅದು ಈ ಶಾಖವನ್ನು ಕಂಡು ಬಂದ ಪಾತ್ರೆ. ಅದಕ್ಕಿಂತಲೂ ಶುಭ್ರವಾದ ಬಿಳಿಯ ಜೇಡಿಯನ್ನು ಇನ್ನೂ ಹೆಚ್ಚಿನ ಶಾಖದಲ್ಲಿ ಸುಟ್ಟರೆ, ದೀಪ ಹಿಡಿದರೆ ಬೆಳಕು ತೋರುವ ಪಿಂಗಾಣಿಯಾಗುತ್ತದೆ.

ಹಳ್ಳಿಯ ಆವಿಗೆಯಲ್ಲಿ ಈ ಸಾವಿರದ ಇನ್ನೂರು ಡಿಗ್ರಿ ಬಾರದು. ನೆಲದ ಮೇಲೆ ಮಡಕೆಗಳನ್ನು ಒಟ್ಟಿ, ಸೌದೆ, ಕುಳ್ಳು, ತರಗು, ಹುಲ್ಲುಗಳನ್ನು ಹೊದಿಸಿ, ಮೇಲೆ ಬೂದಿಯನ್ನೋ ಕೆಸರನ್ನೋ ಬಳಿದು ಕಿಚ್ಚಿಟ್ಟರೆ, ಉರಿ ಏಳುನೂರು ಎಂಟುನೂರರ ಸುಮಾರಿನಲ್ಲಿ ನಿಲ್ಲುತ್ತದೆ. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಮಂದವಾದ ಉರಿಯಿಂದ ರಂಧ್ರಗಳು ಉಳಿದುದರಿಂದಲೇ ನೀರು ಮಡಕೆಯ ಮೈಯಲ್ಲಿ ಮೆಲ್ಲಗೆ ಜಿನುಗಿ, ಗಾಳಿಗೆ ಆವಿಯಾಗುತ್ತ, ಒಳಗಿನ ನೀರಿನ ಶಾಖವನ್ನು ಹೀರಿ ಒಯ್ಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ತಣ್ಣನೆಯ ನೀರು ಕುಡಿಯುವ ಸುಖ ನಮಗೆ ದೊರೆಯುತ್ತದೆ. ಆ ರಂಧ್ರಗಳಿರುವುದರಿಂದಲೇ ಸಾರಿನ ಗಡಿಗೆ ಒಲೆಯ ಉರಿಗೆ ಹಿಗ್ಗಿ ಕುಗ್ಗಿ ತಾಳಿಕೊಳ್ಳುತ್ತದೆ. ಸಾವಿರದ ಇನ್ನೂರು ಡಿಗ್ರಿಯಲ್ಲಿ ಗಾಜಾದ ಬಟ್ಟಲನ್ನು ಉರಿಯ ಮೇಲಿಟ್ಟರೆ ಅದು ಒಡೆದುಹೋಗುವುದೇ ಹೆಚ್ಚು. ನೀರು ತಣಿಸಬೇಕಾದುದಕ್ಕೆ ಒಂದು ಉರಿ, ಹುಳಿ ಉಪ್ಪುಗಳನ್ನು ವರ್ಷಗಟ್ಟಲೆ ಕಾಪಾಡಬೇಕಾದುದಕ್ಕೆ ಇನ್ನೊಂದು ಉರಿ. ಕುಂಬಾರನು ತನ್ನ ಪಾತ್ರೆಗೆ ಬೇಕಾದ ಉರಿಯನ್ನೇ ಕೊಟ್ಟಿದ್ದಾನೆ. ಉಷ್ಣಮಾಪಕವೂ ಇಲ್ಲದೆ, ಹೊಗೆಯ ಬಣ್ಣವನ್ನೂ ಕೆಂಡದ ಕಾವನ್ನೂ ಕಂಡು ಅವನು ಅದನ್ನು ನಿರ್ಣಯಿಸುತ್ತಾನೆ. ಸ್ಟುಡಿಯೋದವರು ಗೂಡಿನೊಳಗೆ ಬೆರಳಿನಷ್ಟು ಎತ್ತರದ ಮಣ್ಣಿನ ಶಂಕುಗಳನ್ನು ನಿಲ್ಲಿಸಿಡುತ್ತಾರೆ. ಇಂತಿಷ್ಟು ಶಾಖವನ್ನು ಉಂಡಾಗ ಇಂಥ ಶಂಕು ಬಾಗುತ್ತದೆಂದು ಲೆಕ್ಕ. ಜರ್ಮನಿಯ ಹೆರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಸಾಧನ ಅದು.

ಬೆಂಕಿ ಮಣ್ಣಿನ ಒಡಲಿಗೆ ಮಾಡುವ ಕೆಲಸವಿಷ್ಟು. ಇನ್ನು ಅದರ ಚರ್ಮದ ವಿಚಾರ. ಗ್ಲೇಜ್ ಎಂದು ಕಸುಬಿನವರು ಕರೆಯುವ ಮೆರುಗು ಇಂದಿನ ಮೃಣ್ಮಯ ಕಲೆಯ ಪ್ರಾಣ.

ಮೆರುಗೆಂದರೆ ಪಾತ್ರೆಯ ಮೇಲೆ ಕರಗಿ ಹರಡಿ ಹತ್ತಿಕೊಂಡ ಗಾಜು. ಬೆಣಚಿನಿಂದ ಗಾಜಾಗುತ್ತದೆ, ಆದರೆ ಬೆಣಚು ತಾನಾಗಿ ಕರಗಬೇಕಾದರೆ ಸಾವಿರದ ಏಳುನೂರು ಡಿಗ್ರಿಯ ಶಾಖ ಬೇಕು, ಅದು ಯಾವ ಕುಂಬಾರನ ಗೂಡಿನಲ್ಲಿಯೂ ಬಾರದು. ಆದಕಾರಣ ಅದನ್ನು ಕಡಮೆ ಶಾಖದಲ್ಲಿ ಕರಗಿಸುವ ಕ್ಷಾರವೊಂದನ್ನು ಕೂಡಿಸುತ್ತಾರೆ. ಕರಗಿದ್ದು ಬೆಲ್ಲದ ಪಾಕದಂತೆ ಜಾರಿ ಇಳಿದುಹೋಗದ ಹಾಗೆ ತಡೆದು ನಿಲ್ಲಿಸಲು ಸ್ವಲ್ಪ ಜೇಡಿಯನ್ನು ಬೆರೆಸುತ್ತಾರೆ. ಈ ಮೂರರ ಹದವೇ ಮೆರುಗಿನ ಶಾಸ್ತ್ರ. ಶ್ರೋತೃಗಳೇ, ಮೊದಲಲ್ಲಿ ನಾನು ಹೇಳಿದ ಬಂಡೆಯನ್ನು ಈಗ ನೆನೆಯಿರಿ. ಬೆಣಚಿನ ಸತ್ತ್ವ, ಕ್ಷಾರ, ಜೇಡಿಯ ಸತ್ತ್ವ, ಈ ಮೂರೂ ನಮ್ಮ ಬೆಟ್ಟದ ಫೆಲ್ಡ್‌ಸ್ಪಾರಿನಲ್ಲಿ ಒಟ್ಟಿಗೆ ಇವೆ. ಶಿಥಿಲವಾದ ಬಂಡೆ ಪಾತ್ರೆಯ ಒಡಲಾಯಿತು; ಶಿಥಿಲವಾಗದೆ ಉಳಿದ ಬಂಡೆಯನ್ನು ಪುಡಿಮಾಡಿ ಆ ಒಡಲಿಗೆ ಬಳಿದು ಕರಗಿಸಿದರೆ ಅದೇ ಮೆರುಗಾಗುತ್ತದೆ. ಬೆಟ್ಟವೂ ಕೆರೆಯೂ ಒಂದು ಬಟ್ಟಲಿನಲ್ಲಿ ಮತ್ತೆ ಕೂಡುವ ಈ ಸಂಗತಿಯನ್ನು ಯೋಚಿಸಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಕ್ಷಾರಕ್ಕೆ ಇನ್ನೊಂದು ಮೂಲ ಒಲೆಯ ಬೂದಿ. ಮೂರು ಸಾವಿರ ವರ್ಷಗಳಿಗೂ ಹಿಂದೆ ಚೀನದ ಕುಂಬಾರರು, ಸೌದೆಯ ಬೂದಿ ಗೂಡಿನ ಉರಿಯಲ್ಲಿ ಹಾರಿ ಪಾತ್ರೆಗಳ ಭುಜದ ಮೇಲೆ ಬಿದ್ದು ಕರಗಿ ಹೊಳೆಯುವುದನ್ನು ಕಂಡು, ಬೂದಿಯನ್ನು ಬೇಕೆಂದೇ ಬಳಿಯಲು ಮೊದಲುಮಾಡಿದರು. ಮರದ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಕರಗಿಸುತ್ತದೆ. ಭತ್ತದ ಹೊಟ್ಟಿನ ಬೂದಿ ಬಹುಪಾಲು ಬೆಣಚಿನ ಸತ್ತ್ವವೇ ಆದುದರಿಂದ ಅದು ಮೆರುಗಿಗೆ ಹಾಲುಬಿಳುಪನ್ನು ಕೊಡುತ್ತದೆ. ನಮ್ಮ ಸೀಮೆಯಲ್ಲಿ ನೀಲಗಿರಿ ಮರದ ಸೌದೆಗೆ ಕೊರತೆಯಿಲ್ಲ. ಅದರ ಬೂದಿಯನ್ನು ಜರಡಿ ಹಿಡಿದು, ನೀರಿನಲ್ಲಿ ತೊಳೆದು, ಬಂಡೆಪುಡಿಯೊಡನೆಯೂ ಜೇಡಿಯೊಡನೆಯೂ ಬೆರೆಸಿ ನೋಡಬಹುದು. ರಾಗಿಯ ಹುಲ್ಲಿನ ಬೂದಿಯೂ ಆದೀತು. ಆದರೆ ದನಗಳ ಬಾಯಿಯ ಮೇವನ್ನು ಮೆರುಗಿಗಾಗಿ ಸುಡಬೇಕೆಂದು ನಾನು ಹೇಳಲಾರೆ.

ಬಣ್ಣ ಬರುವುದು ಲೋಹಗಳಿಂದ. ಜಡಿಗೇನಹಳ್ಳಿಯ ಕಾಲದ ತತ್ತ್ವ ಇಲ್ಲಿ ಮತ್ತೆ ಬರುತ್ತದೆ. ಗಾಳಿ ಧಾರಾಳವಾಗಿದ್ದರೆ ಕಬ್ಬಿಣ ಮೆರುಗಿಗೆ ಹೊನ್ನುಕಂದು ಬಣ್ಣವನ್ನು ಕೊಡುತ್ತದೆ. ಗಾಳಿಯನ್ನು ಬಿಗಿಹಿಡಿದು ಗೂಡನ್ನು ಹೊಗೆಯಾಡಿಸಿದರೆ ನೂರಕ್ಕೆ ಒಂದೆರಡು ಪಾಲಿನಷ್ಟಿರುವ ಅದೇ ಕಬ್ಬಿಣ ಎಳೆಬಾಳೆಯ ಸುಳಿಯ ಹಸುರಾಗುತ್ತದೆ. ತಾಮ್ರದ ಲೀಲೆ ಇನ್ನೂ ವಿಚಿತ್ರ: ಗಾಳಿಯಿದ್ದರೆ ಹಸುರು, ಇಲ್ಲದಿದ್ದರೆ ರಕ್ತವರ್ಣ. ಹದಿನಾರನೆಯ ಶತಮಾನದ ಜಪಾನಿನಲ್ಲಿ ಚೋಜಿರೋ ಎಂಬ ಕುಂಬಾರನು ಚಹಾ ಸಮಾರಂಭಕ್ಕಾಗಿ ಮಾಡಿದ ರಾಕು ಬಟ್ಟಲುಗಳ ಸಂಪ್ರದಾಯ ಒಂದಿದೆ. ಕೆಂಪಗೆ ಕಾದಿರುವಾಗಲೇ ಇಕ್ಕುಳದಿಂದ ಪಾತ್ರೆಯನ್ನು ಹೊರತೆಗೆಯುವುದು ಅದರ ಕ್ರಮ. ಸುಮಾರು 1960ರಿಂದ ಅಮೆರಿಕದವರು ಅದಕ್ಕೆ ಮರದ ಹೊಟ್ಟಿನಲ್ಲಿ ಹುದುಗಿಸಿ ಹೊಗೆಯೂಡಿಸುವುದನ್ನು ಸೇರಿಸಿದರು. ಮೆರುಗಿನ ಬಿರುಕುಗಳಲ್ಲಿ ಹೊಗೆ ಇಳಿದು ಕರಿಯ ಗೆರೆಗಳ ಜಾಲವಾಗುತ್ತದೆ. ಈಗ ಬೆಂಗಳೂರಿನಲ್ಲಿ ರಾಕು ಮಾಡುವವರು ಹೊಗೆಯೂಡಿಸುವಾಗ ತಮ್ಮದೇ ಸೀಮೆಯ ಪುರಾತನ ಬೋಗುಣಿಯ ನೆಂಟಸ್ತಿಕೆಯನ್ನು ನೆನೆಯಲೆಂದು ನನ್ನ ಆಸೆ.

ಮಣ್ಣು, ಗಾಳಿ, ಶಾಖ, ಮೆರುಗು, ಇಷ್ಟರ ಕೆಲಸವನ್ನು ಕೇಳಿದಿರಿ. ಈ ವಿದ್ಯೆ ಕುಂಬಾರರ ಕೇರಿಯಾಚೆಗೆ ಬಂದು ಕಲೆಯೆಂಬ ಹೆಸರು ಪಡೆದ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು.

ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಜಪಾನಿನಲ್ಲಿ ಕುಂಬಾರಿಕೆ ಕಲಿತು, ಜಪಾನಿನ ಶೋಜಿ ಹಮಾದಾ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, 1920ರಲ್ಲಿ ತಮ್ಮ ದೇಶದ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಗೂಡು ಹೂಡಿದರು. ಕಾರ್ಖಾನೆಗಳು ಒಂದೇ ಅಚ್ಚಿನ ತಟ್ಟೆಗಳನ್ನು ಲಕ್ಷಲಕ್ಷವಾಗಿ ಹೊರತರುತ್ತಿದ್ದ ಕಾಲದಲ್ಲಿ, ಮಣ್ಣು ಅಗೆಯುವುದರಿಂದ ಮೊದಲುಗೊಂಡು ಸುಟ್ಟು ತೆಗೆಯುವವರೆಗೆ ಒಬ್ಬನೇ ನಿಂತು ಮಾಡಿದ ಪಾತ್ರೆಗೆ ಬೇರೊಂದು ಘನತೆಯಿದೆಯೆಂದು ಅವರು ವಾದಿಸಿದರು. ಅವರಿಗೆ ಆದರ್ಶವಾಗಿದ್ದವರು ಪೂರ್ವದೇಶಗಳ ಹೆಸರಿಲ್ಲದ ಹಳ್ಳಿಯ ಕುಂಬಾರರು. ನಮ್ಮ ದೇಶದಿಂದ ಗುರುಚರಣ್ ಸಿಂಗ್ 1919ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಲೀಚ್, ಹಮಾದಾ ಮೊದಲಾದವರ ಸ್ನೇಹವನ್ನು ಸಂಪಾದಿಸಿ ಬಂದರು. 1952ರಲ್ಲಿ ದೆಹಲಿಯಲ್ಲಿ ತಮ್ಮ ಕುಂಭಶಾಲೆಯನ್ನು ಸ್ಥಾಪಿಸಿದರು. ನಿರ್ಮಲಾ ಪಟವರ್ಧನ್ ಜರ್ಮನಿಯಲ್ಲಿ ಕಲಿತು, ಲೀಚ್ ಅವರ ಬಳಿಯೂ ಕೆಲಸಮಾಡಿ, ಭಾರತದಲ್ಲಿ ಸಿಕ್ಕುವ ದ್ರವ್ಯಗಳಿಂದಲೇ ಮೆರುಗುಗಳನ್ನು ಪರೀಕ್ಷಿಸಿ, ಫಲಗಳನ್ನು ಗ್ರಂಥವಾಗಿ ಬರೆದಿಟ್ಟರು. ಗುಟ್ಟುಗಳನ್ನು ಮುಚ್ಚಿಡುವ ಕಸುಬಿನಲ್ಲಿ ಇದು ದೊಡ್ಡ ಔದಾರ್ಯ. 1971ರಲ್ಲಿ ಅಮೆರಿಕದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಆರಂಭಿಸಿದರು. ಸರ್ವೆಮರದ ಸೌದೆಯ ಉರಿಯಲ್ಲಿ ಜಾಡಿಗಳನ್ನು ಸುಡುವುದನ್ನು ಅಲ್ಲಿ ಕಲಿತ ಶಿಷ್ಯರು ಇಂದು ದೇಶದ ನಾನಾ ಊರುಗಳಲ್ಲಿದ್ದಾರೆ.

ನಮ್ಮ ನಾಡು ಈ ಚರಿತ್ರೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಪಿಂಗಾಣಿಯ ಕಾರ್ಖಾನೆಯನ್ನು ನಡೆಸಿತು. ವಿದ್ಯುತ್ತಿನ ಕಂಬಗಳ ಮೇಲೆ ಕಾಣುವ ಬಿಳಿಯ, ಕಂದುಬಣ್ಣದ ಬುರುಡೆಗಳು ಇಂಥ ಕಾರ್ಖಾನೆಯ ಸರಕು. 1970ರ ದಶಕದಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಅಲ್ಲಿಯ ಕೆಂಪುಜೇಡಿಯ ಪಾತ್ರೆಗಳು ಬಹುದೂರ ಹೆಸರಾದವು. ಬೆಂಗಳೂರಿನ ದಂಡಿನ ಭಾಗದಲ್ಲಿ ಪಾಟರಿ ಟೌನ್ ಎಂದೇ ಕರೆಯಿಸಿಕೊಳ್ಳುವ ಬಡಾವಣೆಯಲ್ಲಿ ಕುಂಬಾರ ಮನೆತನಗಳು ತಲೆಮಾರುಗಳಿಂದ ಮಡಕೆ, ಹಣತೆ, ತಂದೂರಿ ಒಲೆ, ಗಣಪತಿಯ ವಿಗ್ರಹಗಳನ್ನು ಮಾಡಿಕೊಂಡು ಬಂದಿವೆ.

ಈಚೆಗೆ ಈ ಕಲೆ ಪಾತ್ರೆಯ ಎಲ್ಲೆಯನ್ನೂ ದಾಟಿದೆ. ಪುದುಚೇರಿಯ ಮೀಕರ್ 1980ರ ದಶಕದಿಂದ ಒಂದು ಸಾಹಸಕ್ಕೆ ಕೈಹಾಕಿದರು. ಹಸಿ ಇಟ್ಟಿಗೆಯಿಂದ ಕಮಾನಿನ ಮನೆಯನ್ನು ಕಟ್ಟುವುದು. ಅದರೊಳಗೆ ಇಟ್ಟಿಗೆ ಹೆಂಚುಗಳನ್ನು ತುಂಬಿ, ಮನೆಯನ್ನೇ ಗೂಡಾಗಿ ಮಾಡಿ ಸುಡುವುದು. ಉರಿ ಆರಿದ ಮೇಲೆ ಮನೆಯೂ ಬೆಂದಿರುತ್ತದೆ, ಒಳಗಿನ ಸರಕೂ ಬೆಂದಿರುತ್ತದೆ. 2018ರಲ್ಲಿ ಜಯಪುರದ ಜವಾಹರ ಕಲಾಕೇಂದ್ರದಲ್ಲಿ ನಡೆದ ಭಾರತೀಯ ಸೆರಾಮಿಕ್ ತ್ರೈವಾರ್ಷಿಕ ಪ್ರದರ್ಶನ ಮೃಣ್ಮಯ ಶಿಲ್ಪಗಳಿಗೂ ರಚನೆಗಳಿಗೂ ಮೀಸಲಾಗಿತ್ತು. ಇಂಥ ಕೃತಿಗಳಿಗೆ ಪ್ರಯೋಜನವೇನೆಂದು ಕೇಳುವವರಿಗೆ ರಾಜಘಟ್ಟದ ಬಿಲ್ಲೆಗಳನ್ನು ತೋರಿಸಬಹುದು; ಅವುಗಳಲ್ಲಿ ಯಾರೂ ನೀರು ಕುಡಿಯಲಿಲ್ಲ.

ಕಡೆಯದಾಗಿ ಒಂದು ಸೂಚನೆ. ಇದುವರೆಗೆ ಹೇಳಿದುದರಿಂದ, ಹಳ್ಳಿಯ ಆವಿಗೆಗೂ ನಗರದ ಗೂಡಿಗೂ ಇರುವ ಅಂತರ ನಾಲ್ಕೈದು ನೂರು ಡಿಗ್ರಿಯದೆಂದು ನೀವು ಒಪ್ಪಿದ್ದರೆ, ಆ ಎರಡನ್ನೂ ಕೂಡಿಸುವ ಕೆಲಸ ಕಷ್ಟದ್ದಲ್ಲ. ನಗರದ ಸ್ಟುಡಿಯೋಗಳು ದೂರದ ಊರುಗಳಿಂದ ಚೀಲಗಳಲ್ಲಿ ಬರುವ ಸಿದ್ಧಮಣ್ಣನ್ನು ಕೊಂಡು ಬಳಸುತ್ತವೆ. ಹದವರಿತ ಕುಂಬಾರರ ಮನೆಗಳಲ್ಲಿಯೋ ತಿಗರಿ ಮೂಲೆ ಸೇರುತ್ತಿದೆ, ಕೆರೆಯ ಜೇಡಿ ಇಟ್ಟಿಗೆ ಗೂಡುಗಳಿಗೆ ಹೋಗುತ್ತಿದೆ. ನಮ್ಮ ಹೋಬಳಿಯ ಪ್ರೌಢಶಾಲೆಗಳಲ್ಲಿ ವಿಜ್ಞಾನದ ಉಪಾಧ್ಯಾಯರೂ ಚಿತ್ರಕಲೆಯ ಉಪಾಧ್ಯಾಯರೂ ಕೂಡಿ ಒಂದು ಪರೀಕ್ಷೆಯನ್ನು ನಡೆಸಬಹುದು. ಬೇಸಿಗೆಯಲ್ಲಿ ಕೆರೆಯ ಮಣ್ಣನ್ನು, ಕುಂಬಾರ ಹಿರಿಯರೊಬ್ಬರು ತೋರಿಸಿದ ಜಾಗದಿಂದ ಅಗೆದು ತನ್ನಿ. ಅವರು ಹೇಳಿದಂತೆ ನೆನೆಹಾಕಿ, ಸೋಸಿ, ತುಳಿದು ಹದಗೊಳಿಸಿ. ಅಂಗೈ ಅಗಲದ ಮೂರು ಬಿಲ್ಲೆಗಳನ್ನು ತಟ್ಟಿ, ಹಸಿಯಿರುವಾಗಲೇ ಪ್ರತಿಯೊಂದರ ಮೇಲೂ ಹತ್ತು ಸೆಂಟಿಮೀಟರಿನ ಗೆರೆಯೊಂದನ್ನು ಎಳೆಯಿರಿ. ಒಂದನ್ನು ಕುಂಬಾರರ ಆವಿಗೆಯಲ್ಲಿ ಸುಡಿಸಿ. ಒಂದನ್ನು ಸ್ಟುಡಿಯೋದ ಗೂಡಿನಲ್ಲಿ ಸಾವಿರ ಡಿಗ್ರಿಗೆ, ಇನ್ನೊಂದನ್ನು ಸಾವಿರದ ಇನ್ನೂರಕ್ಕೆ ಸುಡಿಸಿ. ಸುಟ್ಟಮೇಲೆ ಗೆರೆ ಎಷ್ಟು ಕುಗ್ಗಿತೆಂದು ಅಳೆಯಿರಿ. ಒಣಗಿದ್ದಾಗ ತೂಗಿ, ಒಂದು ರಾತ್ರಿ ನೀರಿನಲ್ಲಿಟ್ಟು, ಮತ್ತೆ ತೂಗಿ; ಎಷ್ಟು ನೀರು ಹೀರಿತೆಂಬುದರಿಂದ ರಂಧ್ರಗಳ ಲೆಕ್ಕ ಸಿಕ್ಕುತ್ತದೆ. ಬೆರಳಿನಿಂದ ತಟ್ಟಿ ನಾದವನ್ನೂ ಕೇಳಿ.

ಮೂರನೆಯ ಬಿಲ್ಲೆ ಬಹುಶಃ ನಿಮ್ಮನ್ನು ನಿರಾಶೆಗೊಳಿಸೀತು. ಕಬ್ಬಿಣವೂ ಕ್ಷಾರವೂ ಹೆಚ್ಚಾಗಿರುವ ಕೆರೆಮಣ್ಣು ಸಾವಿರದ ಇನ್ನೂರು ಡಿಗ್ರಿಯನ್ನು ತಾಳದೆ ಉಬ್ಬಬಹುದು, ಕರಗಿ ಕುಸಿಯಲೂಬಹುದು. ಅದರ ಅಡಿಯಲ್ಲಿ ಹಳೆಯ ಹೆಂಚಿನ ಚೂರೊಂದನ್ನಲ್ಲ, ಶಾಖವನ್ನು ತಡೆಯುವ ಬಿಳಿಮಣ್ಣಿನ ತಟ್ಟೆಯೊಂದನ್ನು ಇಟ್ಟಿರಬೇಕು. ಇಲ್ಲದಿದ್ದರೆ ಗೂಡಿನ ಹಾಸಿಗೆ ಹತ್ತಿಕೊಂಡೀತು. ಹಾಗೆ ಕರಗಿದ ಮಣ್ಣನ್ನು ಎಸೆಯಬೇಡಿ. ಅಮೆರಿಕದ ಆಲ್ಬನಿ ಎಂಬ ಊರಿನ ಬಳಿ ಸಿಕ್ಕುತ್ತಿದ್ದ ಇಂಥದೇ ಮಣ್ಣನ್ನು ಕಲ್ಲುಜಾಡಿಗಳ ಮೇಲೆ ಬಳಿದು, ಅಲ್ಲಿಯ ಕುಂಬಾರರು ಬಹುಕಾಲ ಹೊಳೆಯುವ ಕಂದುಬಣ್ಣದ ಮೆರುಗನ್ನು ಪಡೆಯುತ್ತಿದ್ದರು. ಆದ್ದರಿಂದ ನಮ್ಮ ಮಣ್ಣನ್ನು ನಯವಾಗಿ ಅರೆದು, ಮಜ್ಜಿಗೆಯ ಹದಕ್ಕೆ ನೀರು ಬೆರೆಸಿ, ಬಿಳಿಮಣ್ಣಿನ ಬಟ್ಟಲೊಂದನ್ನು ಅದರಲ್ಲಿ ಅದ್ದಿ ತೆಗೆದು ಅದೇ ಶಾಖದಲ್ಲಿ ಸುಡಿಸಿ ನೋಡಿ. ಬಣ್ಣ ಹೊಳಪಿಲ್ಲದೆ ಒರಟಾಗಿ ಬಂದರೆ, ಮುಂದಿನ ಸಲ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ನೀಲಗಿರಿಯ ಬೂದಿಯನ್ನು ಸೇರಿಸಿ, ಫಲವನ್ನು ಬರೆದಿಡಿ.